ಲಾಕ್ ಮಾಡಲು ಒತ್ತಿದರೆ ಸ್ಕ್ರೀನ್‌ಶಾಟ್ ಆಗುತ್ತದೆ, ಏನು ಮಾಡಲಿ?

ಪ್ರಶ್ನೆ: ನಾನು ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು. ಆರು ತಿಂಗಳ ಹಿಂದೆ ಹೊಸ ಆಂಡ್ರಾಯ್ಡ್ ಫೋನ್ ತೆಗೆದುಕೊಂಡೆ. ಹಳೇ ಫೋನಿನಲ್ಲಿ ವಾಲ್ಯೂಮ್ ಬಟನ್ ಎಡಗಡೆ, ಪವರ್ ಬಟನ್ ಬಲಗಡೆ ಇತ್ತು. ಇದರಲ್ಲಿ ಎರಡೂ ಬಲಗಡೆ, ಒಂದರ ಕೆಳಗೆ ಒಂದು. ಅವತ್ತಿನಿಂದ ಗೋಳು ಶುರು. ಲಾಕ್ ಮಾಡಲು ಒತ್ತಿದರೆ ಸ್ಕ್ರೀನ್‌ಶಾಟ್, ಜೇಬಿಗೆ ಇಳಿಸುವಾಗ ಸ್ಕ್ರೀನ್‌ಶಾಟ್, ಜೀಪಿನ ಸ್ಟ್ಯಾಂಡಿಗೆ ಸಿಕ್ಕಿಸಿದರೂ ಸ್ಕ್ರೀನ್‌ಶಾಟ್. ಮೊನ್ನೆ ಗ್ಯಾಲರಿಯಲ್ಲಿ ಎಣಿಸಿದೆ, 312 ಇದ್ದವು. ಅದನ್ನಾದರೂ ಸಹಿಸಿಕೊಳ್ಳಬಹುದು. ಕಳೆದ ವಾರ ಒಂದು ಸ್ಕ್ರೀನ್‌ಶಾಟ್ ತೋಟದ ತೂಕದ ಲೆಕ್ಕ ಹಾಕುವ ವಾಟ್ಸ್ಯಾಪ್ ಗ್ರೂಪಿಗೇ ಹೋಗಿಬಿಟ್ಟಿದೆ. ಅದರಲ್ಲಿ ಇದ್ದದ್ದು ನಾನೂ ನನ್ನ ಹೆಂಡತಿಯೂ ಸಾಹುಕಾರ್ರ ಬಗ್ಗೆ ಆಡಿದ ಮಾತು. ಮಗ ಹೇಳುತ್ತಾನೆ, ಫೋನ್ ಹ್ಯಾಕ್ ಆಗಿದೆ, ರೀಸೆಟ್ ಮಾಡಬೇಕು ಅಂತ. ಒಂದು ಅಂಗಡಿಯಲ್ಲಿ ಬಟನ್ ಬದಲಿಸಬೇಕು ಅಂದರು. ಎರಡು ಬಟನ್ ಒಟ್ಟಿಗೆ ಒತ್ತಿದರೆ ಸ್ಕ್ರೀನ್‌ಶಾಟ್ ಆಗುವ ಈ ಶಾರ್ಟ್‌ಕಟ್ಟನ್ನೇ ಆಫ್ ಮಾಡಲು ಆಗುವುದಿಲ್ಲವೇ?

ಉತ್ತರ: ಗ್ರೂಪಿಗೆ ಹೋದ ಆ ಮಾತು ಏನು ಅಂತ ನಾನು ಕೇಳುವುದಿಲ್ಲ. ಮೊದಲು ನಿಮ್ಮ ಮಗನಿಗೆ ಹೇಳಿ, ರೀಸೆಟ್ ಬೇಡ. ರೀಸೆಟ್ ಮಾಡಿದರೆ ಲೆಕ್ಕದ ಫೋಟೋ, ನಂಬರುಗಳು ಹೋಗುವ ಭಯ ಬೇರೆ, ಸಾಯಂಕಾಲದ ಹೊತ್ತಿಗೆ ಮತ್ತೆ ಅದೇ ಸ್ಕ್ರೀನ್‌ಶಾಟ್. ಯಾಕೆಂದರೆ ತೊಂದರೆ ಇರುವುದು ಫೋನಿನ ಒಳಗೆ ಅಲ್ಲ. ನಿಮ್ಮ ಹೆಬ್ಬೆರಳಿಗೂ ಆ ಎರಡು ಬಟನ್‌ಗಳಿಗೂ ಮಧ್ಯೆ ಇದೆ.

ಹ್ಯಾಕ್ ಅನ್ನುವ ಮಾತನ್ನು ಇಲ್ಲೇ ಮುಗಿಸಿಬಿಡೋಣ. ಪರದೆಯನ್ನು ಕದ್ದು ನೋಡುವ ಆ್ಯಪ್‌ಗಳು ಇವೆ, ಸುಳ್ಳಲ್ಲ. ಆದರೆ ಕದಿಯುವವನು ಕದ್ದದ್ದನ್ನು ನಿಮ್ಮ ಗ್ಯಾಲರಿಯಲ್ಲೇ ಜೋಡಿಸಿಟ್ಟು, ಟಕ್ ಅಂತ ಶಬ್ದವನ್ನೂ ಮಾಡಿ ಹೋಗುತ್ತಾನಾ? ನಿಮ್ಮ 312ರಲ್ಲಿ ಹತ್ತಿಪ್ಪತ್ತನ್ನು ತೆರೆದು ನೋಡಿ. ಫೋನ್ ಬದಿಗಿಡುವ ಮುಂಚೆ ಪರದೆಯಲ್ಲಿ ಏನಿತ್ತೋ ಅದೇ ಇರುತ್ತದೆ. ಅರ್ಧ ಓದಿದ ಮೆಸೇಜು, ಕ್ಯಾಲ್ಕುಲೇಟರ್, ಖಾಲಿ ಹೋಮ್ ಸ್ಕ್ರೀನ್. ಅಂದರೆ ಎಲ್ಲವೂ ಲಾಕ್ ಮಾಡಲು ಹೋದ ಗಳಿಗೆಯವು. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ತೆರೆದು, ನೀವೇ ಹಾಕದ ಯಾವುದಾದರೂ ಆ್ಯಪ್‌ಗೆ ಅಲ್ಲಿ ಅನುಮತಿ ಇದೆಯಾ ನೋಡಿ. ಇಲ್ಲದಿದ್ದರೆ ಆ ವಿಷಯ ಬಿಟ್ಟುಬಿಡಿ.

ನನ್ನ ಫೋನ್ ರಿಪೇರಿ ಅಂಗಡಿಗೆ ಇದೇ ದೂರು ತರುವವರ ಹತ್ತಿರ ನಾನು ಮೊದಲು ಫೋನ್ ಕೇಳುವುದಿಲ್ಲ. "ನೀವು ಹೇಗೆ ಲಾಕ್ ಮಾಡುತ್ತೀರಿ, ಮಾಡಿ ತೋರಿಸಿ" ಅನ್ನುತ್ತೇನೆ. ಆಮೇಲೆ ಅವರ ಕೈಯನ್ನೇ ನೋಡುತ್ತೇನೆ. ನೀವೂ ಈಗ ಮಾಡಿ ನೋಡಿ. ಹೆಬ್ಬೆರಳು ಬಲಗಡೆ ಪವರ್ ಬಟನ್ ಮೇಲೆ ಹೋಗುತ್ತದೆ. ಅದು ಒತ್ತುವಾಗ ಫೋನ್ ಜಾರಬಾರದು ಅಂತ ಉಳಿದ ನಾಲ್ಕು ಬೆರಳು ಎಡಗಡೆಯಿಂದ ಅಷ್ಟೇ ಜೋರಾಗಿ ಹಿಡಿಯುತ್ತವೆ. ಒಂದು ಬದಿ ಒತ್ತಬೇಕಾದರೆ ಇನ್ನೊಂದು ಬದಿಗೆ ಆಸರೆ ಬೇಕೇ ಬೇಕು. ಹಾಗಾಗಿ ಎರಡು ಬದಿಯಲ್ಲೂ ಬಟನ್ ಇರುವ ಫೋನಿನಲ್ಲಿ ಆಸರೆಯ ಬೆರಳೇ ವಾಲ್ಯೂಮ್ ಒತ್ತಿಬಿಡುತ್ತದೆ. ಎರಡೂ ಒಂದೇ ಬದಿಯಲ್ಲಿದ್ದರೆ ಹೆಬ್ಬೆರಳ ತುದಿ ಪವರ್ ಮೇಲೆ ಬಿದ್ದಾಗ, ತೇವ ಕೈಯಲ್ಲಿ ಸ್ವಲ್ಪ ಜಾರಿದರೂ ಸಾಕು, ಬೆರಳಿನ ಅಗಲ ಭಾಗ ಮೇಲಿನ ವಾಲ್ಯೂಮ್ ಬಟನ್ನಿನ ಅಂಚಿಗೆ ತಾಗುತ್ತದೆ.

ಅದರಲ್ಲೂ ಯಾವ ಅಂಚಿಗೆ? ಇಲ್ಲೇ ಸ್ವಾರಸ್ಯ ಇರುವುದು. ನಿಮ್ಮ ಫೋನಿನಲ್ಲಿ ಮೇಲೆ ವಾಲ್ಯೂಮ್, ಕೆಳಗೆ ಪವರ್ ಇರಬೇಕು. ಬಹಳಷ್ಟು ಫೋನುಗಳಲ್ಲಿ ಹಾಗೇ. ವಾಲ್ಯೂಮ್ ಪಟ್ಟಿಯ ಮೇಲರ್ಧ ಶಬ್ದ ಏರಿಸಲು, ಕೆಳಗಿನರ್ಧ ಇಳಿಸಲು. ಆಂಡ್ರಾಯ್ಡಿನಲ್ಲಿ ಸ್ಕ್ರೀನ್‌ಶಾಟ್‌ಗೆ ಇಟ್ಟಿರುವ ಜೋಡಿ ಪವರ್ ಮತ್ತು ವಾಲ್ಯೂಮ್ ಇಳಿಸುವ ಬಟನ್. ಅಂದರೆ ಒಟ್ಟಿಗೆ ಒತ್ತಬೇಕಾದ ಎರಡು ಬಟನ್‌ಗಳು ಪಕ್ಕದ ಮನೆಯವು! ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ ಪವರ್ ಮೇಲೆ, ವಾಲ್ಯೂಮ್ ಕೆಳಗೆ. ಅಲ್ಲಿ ಪವರ್‌ನ ಪಕ್ಕದಲ್ಲಿರುವುದು ವಾಲ್ಯೂಮ್ ಏರಿಸುವ ಬಟನ್. ಅದನ್ನು ತಪ್ಪಿ ಒತ್ತಿದರೆ ಬೇರೆ ಏನೋ ಆಗುತ್ತದೆ, ಸ್ಕ್ರೀನ್‌ಶಾಟ್ ಆಗುವುದಿಲ್ಲ. ಜೋಡಿಯನ್ನು ಗೊತ್ತು ಮಾಡಿದವರು ಒಬ್ಬರು, ಬಟನ್ ಜಾಗ ಗೊತ್ತು ಮಾಡುವವರು ಇನ್ನೊಬ್ಬರು ಆದರೆ ಹೀಗೇ ಆಗುವುದು ಅಂತ ನನ್ನ ಅಭಿಪ್ರಾಯ.

ಈ ಜೋಡಿ ಬಂದದ್ದು 2011ರಲ್ಲಿ, ಆಂಡ್ರಾಯ್ಡ್ 4.0 ಜೊತೆ. ಅದಕ್ಕೂ ಮುಂಚೆ ಆಂಡ್ರಾಯ್ಡಿನಲ್ಲಿ ಎಲ್ಲ ಫೋನಿಗೂ ಒಂದೇ ಅನ್ನುವ ಸ್ಕ್ರೀನ್‌ಶಾಟ್ ವಿಧಾನವೇ ಇರಲಿಲ್ಲ. ಆಗಿನ ಫೋನುಗಳು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕವು, ಎಷ್ಟೋ ಫೋನುಗಳಲ್ಲಿ ಪವರ್ ಬಟನ್ ನೆತ್ತಿಯ ಮೇಲೆ ಇರುತ್ತಿತ್ತು. ತಪ್ಪಿ ಒತ್ತುವ ಮಾತೇ ಇಲ್ಲ. ಪರದೆ ದೊಡ್ಡದಾಗುತ್ತಾ ಹೋದ ಹಾಗೆ ನೆತ್ತಿ ಬೆರಳಿಗೆ ಸಿಗದಾಯಿತು, ಬಟನ್ ಬದಿಗೆ ಇಳಿಯಿತು. ಐಫೋನಿನಲ್ಲೂ ಹಾಗೇ ಆಯಿತು, 2014ರ ಐಫೋನ್ 6ರಲ್ಲಿ ಅದು ಮೇಲಿನಿಂದ ಬಲಬದಿಗೆ ಬಂತು. 2017ರ ಐಫೋನ್ ಎಕ್ಸ್‌ನಲ್ಲಿ ಹೋಮ್ ಬಟನ್ ಹೋದ ಮೇಲೆ ಸ್ಕ್ರೀನ್‌ಶಾಟ್‌ಗೆ ಬಲಬದಿಯ ಬಟನ್ ಜೊತೆ ಎಡಬದಿಯ ವಾಲ್ಯೂಮ್ ಏರಿಸುವ ಬಟನ್ ಎಂದಾಯಿತು. ಎರಡೂ ಎದುರುಬದುರು. ಫೋನನ್ನು ಗಟ್ಟಿಯಾಗಿ ಹಿಡಿದರೇ ಸಾಕು! ಜನ ಬೈದರು. ಮರುವರ್ಷ ಐಓಎಸ್ 12ರಲ್ಲಿ, ಪರದೆ ಎಚ್ಚರ ಇದ್ದಾಗ ಮಾತ್ರ ಸ್ಕ್ರೀನ್‌ಶಾಟ್ ಆಗುವ ಹಾಗೆ ಮಾಡಿದರು. ಹಾಗಾಗಿ ದುಬಾರಿ ಫೋನ್ ತೆಗೆದುಕೊಂಡಿದ್ದರೆ ಈ ಕಾಟ ಇರುತ್ತಿರಲಿಲ್ಲ ಅಂತ ಕೊರಗಬೇಡಿ.

ಇನ್ನೊಂದು ಸಣ್ಣ ವಿಷಯ. ಆಂಡ್ರಾಯ್ಡಿನ ಮೂಲ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ ಈ ಜೋಡಿಗೆ 150 ಮಿಲಿಸೆಕೆಂಡ್ ಗಡುವು ಇಟ್ಟಿದ್ದಾರೆ, ಕಣ್ಣು ಮಿಟುಕಿಸುವಷ್ಟು ಹೊತ್ತು ಅನ್ನಿ. ಒಂದು ಬಟನ್ ಒತ್ತಿದ ಮೇಲೆ ಅಷ್ಟರೊಳಗೆ ಇನ್ನೊಂದನ್ನೂ ಒತ್ತಿದರೆ ಜೋಡಿ, ತಡವಾದರೆ ಅಲ್ಲ. ಲಾಕ್ ಸ್ಕ್ರೀನ್ ಇದ್ದಾಗ ಬಟನ್‌ಗಳನ್ನು ಮಾಮೂಲಿಗಿಂತ ಎರಡೂವರೆ ಪಟ್ಟು ಹೊತ್ತು ಹಿಡಿಯಬೇಕು ಅಂತಲೂ ಇದೆ. ಫೋನ್ ಕಂಪನಿಗಳು ಇವನ್ನೆಲ್ಲ ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತವೆ, ಆ ಮಾತು ಬೇರೆ.

ಈ ಗಡುವಿನಿಂದ ನಮಗೆ ಒಂದು ಉಪಯೋಗ ಇದೆ. ಅಂಗಡಿಯವರು ಬಟನ್ ಕೆಟ್ಟಿದೆ ಅಂದರಲ್ಲ, ಅದು ನಿಜವಾ ಅಂತ ಹೇಳಬಹುದು. ವಾಲ್ಯೂಮ್ ಬಟನ್ ಪೂರ್ತಿ ಜಾಮ್ ಆಗಿ ಒತ್ತಿಕೊಂಡೇ ಇದ್ದರೆ ಗಡುವು ಯಾವಾಗಲೋ ಮೀರಿರುತ್ತದೆ. ಸ್ಕ್ರೀನ್‌ಶಾಟ್ ಆಗುವುದರ ಬದಲು ಶಬ್ದ ತಾನಾಗಿ ಸೊನ್ನೆಗೆ ಇಳಿಯುತ್ತದೆ. ಫೋನ್ ಆಫ್ ಮಾಡಿ ಆನ್ ಮಾಡಿದಾಗ ಪರದೆಯ ಮೂಲೆಯಲ್ಲಿ 'ಸೇಫ್ ಮೋಡ್' ಅಂತ ಬಂದರೂ ಅದೇ ಅನುಮಾನ, ಯಾಕೆಂದರೆ ಬಹಳ ಫೋನುಗಳಲ್ಲಿ ಆನ್ ಆಗುವಾಗ ವಾಲ್ಯೂಮ್ ಇಳಿಸುವ ಬಟನ್ ಒತ್ತಿದ್ದರೆ ಆ ಮೋಡಿಗೆ ಹೋಗುತ್ತದೆ. ನೀವು ಇದ್ಯಾವುದನ್ನೂ ಬರೆದಿಲ್ಲ. ಹಾಗಾಗಿ ನಿಮ್ಮದು ಕೆಟ್ಟ ಬಟನ್ ಅಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಅರ್ಧ ಒತ್ತಿಕೊಂಡ ಬಟನ್ ಇರಬಹುದು. ಅದಕ್ಕೆ ಸಾಮಾನ್ಯವಾಗಿ ಕಾರಣ ಕವರ್.

ನಮ್ಮ ಕೊಡಗಿನಲ್ಲಿ ಕವರ್ ಇಲ್ಲದ ಫೋನ್ ಕಾಣುವುದೇ ಕಡಿಮೆ ಅಲ್ವಾ? ಮಳೆ, ಕೆಸರು, ಜೀಪಿನ ಕುಲುಕಾಟ, ಎಲ್ಲದಕ್ಕೂ ದಪ್ಪ ಕವರೇ ಬೇಕು. ಬಟನ್ ಜಾಗದಲ್ಲಿ ಕವರಿಗೆ ಉಬ್ಬಿದ ರಬ್ಬರ್ ಇರುತ್ತದೆ. ಹೊಸದರಲ್ಲಿ ಮೆತ್ತಗೆ, ವರ್ಷ ಆಗುವಷ್ಟರಲ್ಲಿ ಗಟ್ಟಿ. ಒಳಗೆ ಧೂಳು, ಹಿಟ್ಟು, ಕುಯ್ಲಿನ ಕಾಲದಲ್ಲಾದರೆ ಕಾಫಿ ಹಣ್ಣಿನ ಸಿಹಿ ಅಂಟು. ಹಣ್ಣು ಮುಟ್ಟಿದ ಕೈಯಲ್ಲೇ ಫೋನ್ ಎತ್ತುತ್ತೀರಿ, ತೂಕ ಬರೆಯುತ್ತೀರಿ. ಆ ಅಂಟು ಒಣಗಿ ಗೋಂದಿನ ಹಾಗೆ ಕೂರುತ್ತದೆ. ಒಬ್ಬರ ಫೋನಿನ ಕವರ್ ತೆಗೆದು ಟೂತ್‌ಬ್ರಷ್ಷಿನಲ್ಲಿ ಉಜ್ಜಿದಾಗ ಬಟನ್ನಿನ ಸಂದಿಯಿಂದ ಕಂದು ಬಣ್ಣದ ಪುಡಿ ಉದುರಿತ್ತು. ಮೂಸಿದರೆ ಕಣದ ವಾಸನೆ! ಆಮೇಲೆ ಬಟನ್ ಟಿಕ್ ಟಿಕ್ ಅಂತ ಹೊಸದರ ಹಾಗೆ ಕೆಲಸ ಮಾಡಿತು.

ಹಾಗಾಗಿ ಮೊದಲ ಪರೀಕ್ಷೆ ದುಡ್ಡಿಲ್ಲದ್ದು. ಎರಡು ದಿನ ಕವರ್ ತೆಗೆದು ಬಳಸಿ, ಸ್ಕ್ರೀನ್‌ಶಾಟ್ ಎಷ್ಟು ಆದವು ಎಣಿಸಿ. ಅರ್ಧಕ್ಕಿಂತ ಕಡಿಮೆಯಾದರೆ ಕಳ್ಳ ಸಿಕ್ಕ. ಹೊಸ ಕವರ್ ತೆಗೆದುಕೊಳ್ಳುವಾಗ ಬಟನ್ ಜಾಗ ಪೂರ್ತಿ ಕತ್ತರಿಸಿ ಬಿಟ್ಟಿರುವ ಮಾದರಿ ಹುಡುಕಿ. ಸುತ್ತಲಿನ ರಬ್ಬರ್ ಎತ್ತರ ಇರುತ್ತದೆ, ಬಟನ್ ಗುಳಿಯೊಳಗೆ ಕೂತಿರುತ್ತದೆ, ಸುಮ್ನೆ ತಾಗಿದರೆ ಒತ್ತಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಆ ಕಿಂಡಿಯಲ್ಲಿ ನೀರು ಇಳಿಯುತ್ತದೆ ಅನ್ನುವುದೊಂದು ಕೊರತೆ.

ಜೀಪಿನ ಸ್ಟ್ಯಾಂಡ್ ಬಗ್ಗೆ ಬರೆದಿದ್ದೀರಿ. ಅದಂತೂ ಇದಕ್ಕೇ ಮಾಡಿಸಿದ ಹಾಗಿರುತ್ತದೆ. ಎರಡು ಬದಿಯಿಂದ ದವಡೆಯ ಹಾಗೆ ಕಚ್ಚುವ ಸ್ಟ್ಯಾಂಡು, ಕಚ್ಚುವ ಜಾಗ ಸರಿಯಾಗಿ ಫೋನಿನ ನಡು, ಅಲ್ಲೇ ಬಟನ್. ತೋಟದ ದಾರಿಯ ಗುಂಡಿಗೆ ಜೀಪು ಹಾರಿದಾಗಲೆಲ್ಲ ದವಡೆ ಇನ್ನಷ್ಟು ಒತ್ತುತ್ತದೆ. ಫೋನನ್ನು ಬಟನ್‌ಗಳ ಕೆಳಗೆ ಕಚ್ಚುವ ಹಾಗೆ ಮೇಲಕ್ಕೆ ಸರಿಸಿ ಕೂರಿಸಿ. ಅದಾಗದಿದ್ದರೆ ಅಯಸ್ಕಾಂತದ ಸ್ಟ್ಯಾಂಡು ಹಾಕಿಸಿ. ಸುಂಟಿಕೊಪ್ಪ ಕಡೆಯ ನುಣುಪು ರಸ್ತೆಗೆ ಅದು ಸರಿ. ತೋಟದೊಳಗಿನ ದಾರಿಗೆ ನಾನು ಭರವಸೆ ಕೊಡಲಾರೆ, ಫೋನ್ ಕ್ಲಚ್ಚಿನ ಕೆಳಗೆ ಸಿಗಬಹುದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಶಾರ್ಟ್‌ಕಟ್ ಆಫ್ ಮಾಡಲು ಆಗುತ್ತದಾ? ಬಟನ್ ಜೋಡಿಯದ್ದನ್ನು ಆಫ್ ಮಾಡುವ ಸೆಟ್ಟಿಂಗ್ ಮಾಮೂಲಿ ಆಂಡ್ರಾಯ್ಡಿನಲ್ಲಿ ಇಲ್ಲ. ಐಫೋನಿನಲ್ಲೂ ಇಲ್ಲ. ಇರಬೇಕಿತ್ತು ಅಂತ ನಾನೂ ಹೇಳುತ್ತೇನೆ. ಆದರೆ ಸ್ಕ್ರೀನ್‌ಶಾಟ್‌ಗೆ ಇನ್ನೂ ಕಳ್ಳದಾರಿಗಳಿವೆ, ಅವನ್ನು ಮುಚ್ಚಬಹುದು. ಶವೋಮಿ, ಒಪ್ಪೊ, ವಿವೊ, ರಿಯಲ್‌ಮಿ, ಒನ್‌ಪ್ಲಸ್‌ನಂಥ ಫೋನುಗಳಲ್ಲಿ ಮೂರು ಬೆರಳು ಎಳೆದರೆ ಸ್ಕ್ರೀನ್‌ಶಾಟ್ ಆಗುವ ಸೌಲಭ್ಯ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಅಂಗೈಯ ಅಂಚನ್ನು ಪರದೆಯ ಮೇಲೆ ಸವರಿದರೆ ಆಗುತ್ತದೆ, ಅದು ಅಡ್ವಾನ್ಸ್ಡ್ ಫೀಚರ್ಸ್ ಅನ್ನುವಲ್ಲಿ ಸಿಗುತ್ತದೆ. ಮಳೆಯಲ್ಲಿ ಒದ್ದೆಯಾದ ಪರದೆಯನ್ನು ಅಂಗಿಗೆ ಒರೆಸುವಾಗ ಫೋನಿಗೆ ಅದು ಒರೆಸುವುದೋ ಸವರುವುದೋ ಗೊತ್ತಾಗುವುದಿಲ್ಲ. ನೀರಹನಿಗಳೂ ಬೆರಳಿನ ಹಾಗೇ ಕಂಡುಬಿಡುತ್ತವೆ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ 'ಸ್ಕ್ರೀನ್‌ಶಾಟ್' ಅಂತ ಬರೆದು ನೋಡಿ, ಏನೇನಿದೆಯೋ ಎಲ್ಲ ಬರುತ್ತದೆ. ಬಟನ್ ಬಿಟ್ಟು ಬೇರೆ ಎಲ್ಲವನ್ನೂ ಆಫ್ ಮಾಡಿ. ಐಫೋನ್ ಇಟ್ಟುಕೊಂಡವರು ಬ್ಯಾಕ್ ಟ್ಯಾಪ್ ನೋಡಬೇಕು. ಬೆನ್ನಿಗೆ ಎರಡು ಸಲ ತಟ್ಟಿದರೆ ಏನಾಗಬೇಕು ಅಂತ ಅಲ್ಲಿ ಇಡಬಹುದು, ಮಕ್ಕಳು ಆಟಕ್ಕೆ ಸ್ಕ್ರೀನ್‌ಶಾಟ್ ಇಟ್ಟಿರುತ್ತಾರೆ.

ಬಟನ್ ಜೋಡಿಗೆ ನನ್ನ ಸಲಹೆ ಬೇರೆ. ಶಾರ್ಟ್‌ಕಟ್ ಕೊಲ್ಲಲು ಹೋಗಬೇಡಿ, ಪವರ್ ಬಟನ್ ಮುಟ್ಟುವುದನ್ನೇ ಕಡಿಮೆ ಮಾಡಿ. ದಿನಕ್ಕೆ ಎಷ್ಟು ಸಲ ಒತ್ತುತ್ತೀರೋ ಅಷ್ಟು ಸಲ ತಪ್ಪುವ ಅವಕಾಶ. ಲಾಕ್ ಮಾಡಲು ಪವರ್ ಬಟನ್ನೇ ಬೇಕೆಂದಿಲ್ಲ. ಸ್ಯಾಮ್‌ಸಂಗ್ ಮತ್ತು ಇನ್ನೂ ಎಷ್ಟೋ ಫೋನುಗಳಲ್ಲಿ ಹೋಮ್ ಸ್ಕ್ರೀನಿನ ಖಾಲಿ ಜಾಗವನ್ನು ಎರಡು ಸಲ ತಟ್ಟಿದರೆ ಪರದೆ ಆರುತ್ತದೆ, ಎರಡು ಸಲ ತಟ್ಟಿದರೆ ಹತ್ತುತ್ತದೆ. ನಿಮ್ಮದರಲ್ಲಿ ಇಲ್ಲದಿದ್ದರೆ ಆ್ಯಕ್ಸೆಸಿಬಿಲಿಟಿ ಮೆನು ಆನ್ ಮಾಡಿ. ಪರದೆಯ ಮೇಲೆ ಒಂದು ಸಣ್ಣ ಗುರುತು ಬರುತ್ತದೆ, ಮುಟ್ಟಿದರೆ ಲಾಕ್, ವಾಲ್ಯೂಮ್, ಬೇಕಾದಾಗ ಸ್ಕ್ರೀನ್‌ಶಾಟ್ ಕೂಡ, ಎಲ್ಲ ದೊಡ್ಡ ಅಕ್ಷರದಲ್ಲಿ. ಇದು ಗೂಗಲ್‌ನದೇ, ದುಡ್ಡಿಲ್ಲ, ಜಾಹೀರಾತಿಲ್ಲ. ಎರಡೂ ಬೇಡವೆಂದರೆ ಪರದೆ ಆರುವ ಸಮಯವನ್ನು 15 ಅಥವಾ 30 ಸೆಕೆಂಡಿಗೆ ಇಳಿಸಿ, ಫೋನನ್ನು ಸುಮ್ನೆ ಮೇಜಿನ ಮೇಲೆ ಇಟ್ಟುಬಿಡಿ. ತಾನಾಗಿ ಲಾಕ್ ಆಗುತ್ತದೆ.

ನಾನು ಸ್ವತಃ ಮಾಡುವುದು ಇನ್ನೂ ಸುಲಭ. ಫೋನನ್ನು ಎಡಗೈಯಲ್ಲಿ ಹಿಡಿದು ತೋರುಬೆರಳಿನ ತುದಿಯಿಂದ ಪವರ್ ಒತ್ತುತ್ತೇನೆ. ತೋರುಬೆರಳ ತುದಿ ಸಣ್ಣದು, ನೇರವಾಗಿ ಬೀಳುತ್ತದೆ, ಪಕ್ಕದ ಬಟನ್‌ಗೆ ಹರಡುವುದಿಲ್ಲ. ಒಂದು ವಾರ ಕೈ ಮರೆಯುತ್ತದೆ, ಆಮೇಲೆ ರೂಢಿ. ಪವರ್ ಬಟನ್ ಮೇಲೆ ಸಣ್ಣ ಉಬ್ಬು ಸ್ಟಿಕ್ಕರ್ ಅಂಟಿಸಿಕೊಳ್ಳುವವರೂ ಇದ್ದಾರೆ, ಬೆರಳಿಗೆ ಗುರುತು ಸಿಗಲಿ ಅಂತ. ನಿಮ್ಮ ಬೆರಳಚ್ಚು ಆ ಬಟನ್ನಿನಲ್ಲೇ ಇದ್ದರೆ ಮಾತ್ರ ಅದನ್ನು ಮಾಡಬೇಡಿ, ಅಚ್ಚು ಓದುವುದು ನಿಂತುಹೋಗುತ್ತದೆ.

ಬಟನ್ ಕೆಲಸ ಬದಲಿಸುವ ಆ್ಯಪ್‌ಗಳು ಪ್ಲೇಸ್ಟೋರಿನಲ್ಲಿ ಸಿಗುತ್ತವೆ. ನನಗೆ ಅವು ಇಷ್ಟವಿಲ್ಲ. ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ಅದನ್ನು ಕೊಟ್ಟರೆ ಪರದೆಯ ಮೇಲೆ ಏನಿದೆಯೋ ಎಲ್ಲ ಓದಬಹುದು. ಅಷ್ಟು ಕೊಟ್ಟರೂ ಪವರ್ ಬಟನ್ ಅವುಗಳ ಕೈಗೆ ಸಿಗುವುದಿಲ್ಲ. ಫೋನ್ ರೂಟ್ ಮಾಡಿದರೆ, ಅಂದರೆ ಕಂಪನಿ ಹಾಕಿದ ಬೀಗ ಮುರಿದು ಒಳಗಿನ ಸಾಫ್ಟ್‌ವೇರನ್ನೇ ತಿದ್ದಿದರೆ, ಜೋಡಿಯನ್ನೇ ತೆಗೆಯಬಹುದು ಅಂತ ಹುಡುಗರು ಹೇಳುತ್ತಾರೆ. ಹೌದು, ತೆಗೆಯಬಹುದು. ಜೊತೆಗೆ ಬ್ಯಾಂಕಿನ ಆ್ಯಪ್‌ಗಳು ತೆರೆಯಲು ನಿರಾಕರಿಸಬಹುದು, ವಾರಂಟಿಯೂ ಹೋಗಬಹುದು. ಕೂಲಿ ಬಟವಾಡೆ ಫೋನಿನಲ್ಲೇ ಮಾಡುವವರಿಗೆ ಇದು ಲಾಭದ ವ್ಯಾಪಾರವಲ್ಲ.

ಇನ್ನು ರಿಪೇರಿ. ಕವರ್ ತೆಗೆದ ಮೇಲೂ ಬಟನ್ ಒತ್ತಿದಾಗ ಟಿಕ್ ಅನ್ನದೆ ಮೆತ್ತಗೆ ಒಳಗೆ ಹೋಗಿ ಅಲ್ಲೇ ನಿಂತರೆ ಆಗ ಬಿಚ್ಚಬೇಕು. ಬಹಳ ಫೋನುಗಳಲ್ಲಿ ಪವರ್, ವಾಲ್ಯೂಮ್ ಎರಡೂ ಒಂದೇ ತೆಳ್ಳಗಿನ ಪಟ್ಟಿಯಲ್ಲಿ ಇರುತ್ತವೆ, ನಾವು ಆನ್-ಆಫ್ ಸ್ಟ್ರಿಪ್ ಅನ್ನುತ್ತೇವೆ. ಪಟ್ಟಿಗೆ ದುಡ್ಡು ಜಾಸ್ತಿ ಅಲ್ಲ. ದುಬಾರಿ ಬೀಳುವುದು ಅದರವರೆಗೆ ಹೋಗುವ ದಾರಿ. ಬೆನ್ನಿನ ಗಾಜನ್ನು ಬಿಸಿ ಮಾಡಿ ಎಬ್ಬಿಸಬೇಕು, ಒಡೆಯಬಹುದು. ಎದ್ದರೂ ಸುತ್ತಲಿನ ಅಂಟು ಹೋಗಿರುತ್ತದೆ, ನೀರು ತಡೆಯುವ ಶಕ್ತಿ ಮೊದಲಿನ ಹಾಗೆ ಇರುವುದಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನೆನೆಯುವ ನಮ್ಮ ಊರಿನಲ್ಲಿ ಅದು ಸಣ್ಣ ಮಾತಲ್ಲ. ವಾರಂಟಿ ಬಾಕಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಕೊಡಿ, ನನ್ನ ಹತ್ತಿರವೂ ತರಬೇಡಿ. ಮನೆಯಲ್ಲಿ ಬಟನ್ ಸಂದಿಗೆ ಎಣ್ಣೆ ಬಿಡುವುದು, ಪಿನ್ನಿನಿಂದ ಕೆದಕುವುದು ಬೇಡವೇ ಬೇಡ. ಒಬ್ಬರು ತೆಂಗಿನೆಣ್ಣೆ ಬಿಟ್ಟು ತಂದಿದ್ದರು. ಬಟನ್ ಚೆನ್ನಾಗಿಯೇ ಜಾರುತ್ತಿತ್ತು, ಬೆರಳಚ್ಚು ಸತ್ತಿತ್ತು.

ಗ್ರೂಪಿಗೆ ಹೋದದ್ದು ಹೇಗೆ? ಸ್ಕ್ರೀನ್‌ಶಾಟ್ ಆದ ಕೂಡಲೇ ಪರದೆಯ ಕೆಳಗೆ ಪುಟ್ಟ ಚಿತ್ರ ಬಂದು ಕೆಲವು ಸೆಕೆಂಡ್ ಕೂರುತ್ತದೆ, ಜೊತೆಗೆ ಹಂಚುವ ಗುರುತು. ಅದನ್ನು ಮುಟ್ಟಿದರೆ ನೀವು ಹೆಚ್ಚು ಮಾತಾಡುವ ಗ್ರೂಪುಗಳೇ ಮೊದಲು ಬರುತ್ತವೆ. ಪರದೆ ಆರದೆ ಜೇಬಿಗೆ ಇಳಿದ ಫೋನ್, ತೇವದ ಬಟ್ಟೆ, ಅದರಾಚೆ ತೊಡೆ, ಎರಡು ಮೂರು ಸಲ ಒತ್ತಿಕೊಂಡರೆ ಕೆಲಸ ಆಯಿತು. ನೀವು ಲಾಕ್ ಮಾಡಿದೆ ಅಂದುಕೊಂಡಿದ್ದಿರಿ, ಆದದ್ದು ಸ್ಕ್ರೀನ್‌ಶಾಟ್, ಪರದೆ ಆರಲೇ ಇಲ್ಲ. ನನಗೆ ಕಾಣುವ ಹಾಗೆ ನಡೆದದ್ದು ಇಷ್ಟು. ಟಕ್ ಅಂದ ಕೂಡಲೇ ಆ ಪುಟ್ಟ ಚಿತ್ರವನ್ನು ಪಕ್ಕಕ್ಕೆ ತಳ್ಳಿ, ಪರದೆ ಕಪ್ಪಾದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಜೇಬಿಗೆ ಇಳಿಸಿ. ತಪ್ಪಿ ಹೋದದ್ದನ್ನು ವಾಟ್ಸ್ಯಾಪಿನಲ್ಲಿ ಎಲ್ಲರಿಗೂ ಅಳಿಸಲು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಸಮಯ ಇದೆ. ಗ್ರೂಪಿನ ಅಡ್ಮಿನ್‌ಗೂ ಬೇರೆಯವರ ಮೆಸೇಜು ಅಳಿಸುವ ಅಧಿಕಾರ ಇದೆ. ನಿಮ್ಮ ಗ್ರೂಪಿನ ಅಡ್ಮಿನ್ ಸಾಹುಕಾರ್ರೇ ಆಗಿದ್ದರೆ, ಅದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ.

ಸ್ಕ್ರೀನ್‌ಶಾಟ್ ಆದರೆ ಚಾಟಿನ ಆಚೆ ಕಡೆ ಇರುವವರಿಗೆ ಸುದ್ದಿ ಹೋಗುತ್ತದಾ ಅಂತ ಕೆಲವರು ಕೇಳುತ್ತಾರೆ. ಮಾಮೂಲಿ ವಾಟ್ಸ್ಯಾಪ್ ಚಾಟಿನಲ್ಲಿ ಹೋಗುವುದಿಲ್ಲ. ಬ್ಯಾಂಕಿನ ಆ್ಯಪ್‌ಗಳು ಹೆಚ್ಚಾಗಿ ಸ್ಕ್ರೀನ್‌ಶಾಟ್‌ಗೇ ಬಿಡುವುದಿಲ್ಲ. ಆದರೆ ಒಟಿಪಿ ಮೆಸೇಜು, ಆಧಾರ್ ಫೋಟೋ, ಪಾಸ್‌ಬುಕ್ ಚಿತ್ರ ತೆರೆದಿದ್ದಾಗ ಆದದ್ದು ಹಾಗೇ ಉಳಿದಿರುತ್ತದೆ. ಆ 312ನ್ನು ಇವತ್ತೇ ಅಳಿಸಿ. ಸ್ಕ್ರೀನ್‌ಶಾಟ್ಸ್ ಅಂತಲೇ ಬೇರೆ ಫೋಲ್ಡರ್ ಇದೆ, ಎಲ್ಲ ಒಂದೇ ಸಲಕ್ಕೆ ಹೋಗುತ್ತವೆ. ಗೂಗಲ್ ಫೋಟೋಸ್‌ನಲ್ಲಿ ಆ ಫೋಲ್ಡರಿನ ಬ್ಯಾಕಪ್ ಆನ್ ಆಗಿದ್ದರೆ ಅದನ್ನೂ ಆಫ್ ಮಾಡಿ. ಪುಕ್ಕಟೆ ಕೊಡುವ 15 ಜಿಬಿಯನ್ನು ಇವು ಸುಮ್ನೆ ತಿನ್ನುತ್ತವೆ.

ನೀವು ಕೇಳದ ಒಂದು ವಿಷಯ. ಅದೇ ಪವರ್ ಬಟನ್ನಿಗೆ ತುರ್ತು ಕರೆಯ ಕೆಲಸವೂ ಇದೆ. 2017ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರುವ ಫೋನುಗಳಲ್ಲಿ ಪ್ಯಾನಿಕ್ ಬಟನ್ ಸೌಲಭ್ಯ ಇರಲೇಬೇಕು ಅಂತ ನಿಯಮ ಬಂತು. ಈಗಿನ ಆಂಡ್ರಾಯ್ಡ್‌ಗಳಲ್ಲಿ ಪವರ್ ಬಟನ್ನನ್ನು ಬೇಗ ಬೇಗ ಐದು ಸಲ ಒತ್ತಿದರೂ ತುರ್ತು ಕರೆ ಶುರುವಾಗುವ ಹಾಗೆ ಇಡಬಹುದು. ಬಟನ್ ಅಂಟಿಕೊಳ್ಳುವ ಫೋನಿನಿಂದ 112ಕ್ಕೆ ತಪ್ಪು ಕರೆ ಹೋಗುವುದೂ ಉಂಟು. ಆದರೂ ಇದನ್ನು ಪೂರ್ತಿ ಆಫ್ ಮಾಡಬೇಡಿ. ಬೆಳಗಿನ ಮಂಜಿನಲ್ಲಿ ಆನೆ ಓಡಾಡುವ ತೋಟಕ್ಕೆ ಒಬ್ಬರೇ ಹೋಗುವವರು ನೀವು. ಎಮರ್ಜೆನ್ಸಿ ಎಸ್‌ಓಎಸ್ ಸೆಟ್ಟಿಂಗಿನಲ್ಲಿ ಕರೆಗೆ ಮುಂಚಿನ ಎಣಿಕೆಯ ಶಬ್ದ ಆನ್ ಇರಲಿ, ತಪ್ಪಾದರೆ ಕೇಳಿಸುತ್ತದೆ, ನಿಲ್ಲಿಸಬಹುದು. ರಿಂಗ್ ಶಬ್ದವನ್ನೂ ದಿನಕ್ಕೊಮ್ಮೆ ನೋಡಿಕೊಳ್ಳಿ. ಜೇಬಿನಲ್ಲಿ ವಾಲ್ಯೂಮ್ ಬಟನ್ ಒತ್ತಿಕೊಂಡರೆ ಅದೂ ಇಳಿಯಬಹುದು, ಆನೆ ಬಂತು ಅಂತ ಯಾರಾದರೂ ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಯಾವುದಾದರೂ ಒಳ್ಳೆ ಅಂಗಡಿಯಲ್ಲಿ ತೋರಿಸಿ. ಹೋಗುವಾಗ ಫೋನ್ ಒರೆಸಿ, ಕವರ್ ಬಿಚ್ಚಿ, ಚೆಂದ ಮಾಡಿಕೊಂಡು ಹೋಗಬೇಡಿ. ಕವರ್ ಸಮೇತ, ಹೇಗಿದೆಯೋ ಹಾಗೇ ಒಯ್ಯಿರಿ. ಜೀಪಿನ ಸ್ಟ್ಯಾಂಡನ್ನೂ.